ಮೂವರು ಮಂತ್ರಿಗಳಿಗೆ ಒಂದೇ ಪತ್ರ: ಈ ಸಲ ಮಂಗ ಸಾಯುವ ಮೊದಲೇ ಒಟ್ಟಿಗೆ ಕೂತುಕೊಳ್ಳಿ

ಗೆ,
ಮಾನ್ಯ ಆರೋಗ್ಯ ಸಚಿವರು,
ಮಾನ್ಯ ಅರಣ್ಯ ಸಚಿವರು,
ಮಾನ್ಯ ಪಶುಸಂಗೋಪನೆ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಮಂಗನ ಕಾಯಿಲೆಗೆ ಮೂರೂ ಇಲಾಖೆಗಳು ಸೇರಿ ಮಳೆಗಾಲದಿಂದಲೇ ತಯಾರಾಗುವ ಬಗ್ಗೆ

ಮಾನ್ಯರೇ,

ಮೂವರಿಗೂ ಬೇರೆ ಬೇರೆ ಪತ್ರ ಬರೆಯಬಹುದಿತ್ತು. ಬರೆದಿದ್ದರೆ ಅದು ಮೂರು ಫೈಲಾಗುತ್ತಿತ್ತು, ಒಂದೊಂದು ಕಚೇರಿಯಲ್ಲಿ ಒಂದೊಂದು. ನಮ್ಮ ಕಷ್ಟ ಇರುವುದೇ ಅಲ್ಲಿ. ಅದಕ್ಕೇ ಮೂವರ ಹೆಸರನ್ನೂ ಒಂದೇ ಹಾಳೆಯ ಮೇಲೆ ಬರೆದಿದ್ದೇನೆ.

ನಾನು ಮಲೆನಾಡಿನ ಕಾಡಂಚಿನ ಹಳ್ಳಿಯವಳು. ಎರಡು ಎಕರೆ ಅಡಿಕೆ ತೋಟ, ನಾಲ್ಕು ದನ, ಬೆನ್ನಿಗೆ ಸೊಪ್ಪಿನ ಬೆಟ್ಟ. ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಮಂಗನ ಕಾಯಿಲೆ ಎಂದರೆ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಜ್ವರ, ಮಂಗಕ್ಕೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಆದರೆ ಕಾಡಿನಲ್ಲಿ ಮಂಗ ಸತ್ತರೆ ಮೊದಲು ಗೊತ್ತಾಗುವುದು ನಮ್ಮಂಥವರಿಗೇ. ಆಮೇಲೆ ಜ್ವರದಲ್ಲಿ ಮಲಗುವವರೂ ನಾವೇ.

ಕೆಲವು ವರ್ಷಗಳ ಹಿಂದಿನ ಮಾತು. ಜನವರಿ ತಿಂಗಳು, ಕೊಯ್ಲು ನಡೆದಿತ್ತು. ಬೆಳಿಗ್ಗೆ ತೋಟದ ತಲೆಗೆ ಹೋದಾಗ ಅಗಳದ (ಗಡಿ ಕಂದಕದ) ಹತ್ತಿರ ಒಂದು ಮುಸಿಯ (ಕರಿಮೂತಿಯ ಮಂಗ) ಸತ್ತು ಬಿದ್ದಿತ್ತು. ಒಣ ಎಲೆಗಳ ಮೇಲೆ ಒಂದು ಕೈ ಚಾಚಿ, ಮಲಗಿದ ಮಗುವಿನ ಹಾಗೆ. ಗಾಯ ಇರಲಿಲ್ಲ. ನಾಯಿ ಎಳೆದಾಡಿದ ಗುರುತೂ ಇರಲಿಲ್ಲ. ಹತ್ತಿರ ಹೋಗಬಾರದು ಎಂದು ಗೊತ್ತಿತ್ತು. ದೂರದಿಂದಲೇ ನೋಡಿ ಮನೆಗೆ ಬಂದು ಫೋನ್ ಮಾಡಿದೆ.

ಒಂದು ಕಚೇರಿಯವರು "ಮುಟ್ಟಬೇಡಿ, ತಿಳಿಸಬೇಕಾದವರಿಗೆ ತಿಳಿಸುತ್ತೇವೆ" ಎಂದರು. ಇನ್ನೊಂದು ಕಚೇರಿಯವರು ಕಾಡುಪ್ರಾಣಿಯ ಹೆಣ ಕೊಯ್ಯಲು ಮತ್ತೊಬ್ಬರ ಒಪ್ಪಿಗೆ ಬೇಕು, ಅವರು ಬಂದರೆ ನಾವೂ ಬರುತ್ತೇವೆ ಎಂದರು. ಮೂರನೆಯವರು ಮನುಷ್ಯರಿಗೆ ಯಾರಿಗಾದರೂ ಜ್ವರ ಬಂದಿದೆಯಾ ಎಂದು ಕೇಳಿದರು. ಇಲ್ಲ ಎಂದೆ. "ಬಂದರೆ ತಿಳಿಸಿ" ಎಂದರು. ಯಾವ ಕಚೇರಿ, ಯಾವ ಊರು ಎಂದು ಇಲ್ಲಿ ಬರೆಯುವುದಿಲ್ಲ. ಅವರಲ್ಲಿ ಯಾರೂ ಕೆಟ್ಟವರಲ್ಲ. ಮೂವರೂ ಮರ್ಯಾದೆಯಿಂದಲೇ ಮಾತಾಡಿದರು. ತಮ್ಮ ತಮ್ಮ ನಿಯಮದ ಪ್ರಕಾರ ಮೂವರು ಹೇಳಿದ್ದೂ ಸರಿಯೇ ಇದ್ದಿರಬಹುದು.

ಸಿಬ್ಬಂದಿ ಬಂದಿದ್ದು ಮೂರನೇ ದಿನ ಮಧ್ಯಾಹ್ನ. ಅಷ್ಟರಲ್ಲಿ ಹೆಣ ಕೊಳೆತಿತ್ತು. ಇದರಿಂದ ಸ್ಯಾಂಪಲ್ ತೆಗೆದು ಪ್ರಯೋಜನವಿಲ್ಲ ಎಂದರು. ಉಣುಗು ಸಾಯಿಸುವ ಪುಡಿ ಹಾಕಿ, ಹೆಣ ಸುಟ್ಟು ಹೋದರು. ಆ ಮೂರು ದಿನ ನಮ್ಮ ಆಶಾ ಕಾರ್ಯಕರ್ತೆ ಕೈಯಲ್ಲೊಂದು ಕೋಲು ಹಿಡಿದು ದಿನಕ್ಕೆರಡು ಸಲ ಬಂದು, ನಾಯಿ ಮಕ್ಕಳು ಆ ಕಡೆ ಹೋಗದ ಹಾಗೆ ನೋಡಿಕೊಂಡಿದ್ದರು. ಅದು ಅವರ ಕೆಲಸದ ಪಟ್ಟಿಯಲ್ಲಿ ಇತ್ತೋ ಇಲ್ಲವೋ. ಸ್ಯಾಂಪಲ್ ಇಲ್ಲದ ಮೇಲೆ ಆ ಮಂಗ ಯಾಕೆ ಸತ್ತಿತು ಎಂಬುದಕ್ಕೆ ದಾಖಲೆಯೂ ಇಲ್ಲ. ಕಾಗದದ ಮೇಲೆ ನಮ್ಮ ಬೆಟ್ಟದಲ್ಲಿ ಕಾಯಿಲೆಯೇ ಇರಲಿಲ್ಲ.

ಹತ್ತು ದಿನ ಕಳೆದಿರಬೇಕು. ಪಕ್ಕದ ಮನೆಯಾಕೆಗೆ ಜ್ವರ ಬಂತು. ಕೊಟ್ಟಿಗೆಗೆ ಹಾಸಲು ಅದೇ ಬೆಟ್ಟದಿಂದ ದರಕು (ಉದುರಿದ ಒಣ ಎಲೆ) ಗುಡಿಸಿ, ಕಲ್ಲಿ (ಹಗ್ಗದ ಬಲೆಚೀಲ) ತುಂಬಿ ತಲೆಮೇಲೆ ಹೊತ್ತು ತಂದಿದ್ದರು. ತಲೆ ಸಿಡಿಯುವ ನೋವು, ಸೊಂಟ ಮುರಿದ ಹಾಗೆ ಮೈಕೈ ನೋವು, ಕಣ್ಣು ಕೆಂಪು. ಮೊದಲು ತೋರಿಸಿದ ಕಡೆ ನಾಲ್ಕು ದಿನ ಮಾಮೂಲಿ ಜ್ವರದ ಮಾತ್ರೆ ಕೊಟ್ಟರು. ಐದನೇ ದಿನ ಬೇರೆ ಡಾಕ್ಟರ್ ಒಬ್ಬರು "ನಿಮ್ಮ ಕಡೆ ಮಂಗ ಏನಾದರೂ ಸತ್ತಿತ್ತಾ?" ಎಂದು ಕೇಳಿದರು. ಸತ್ತಿತ್ತು ಎಂದೆವು. ಅವರ ಮುಖ ಬದಲಾಯಿತು. "ಯಾರೂ ನಮಗೆ ಹೇಳಲೇ ಇಲ್ಲವಲ್ಲ" ಎಂದರು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ಬಂತು. ಪುಣ್ಯಕ್ಕೆ ಆಕೆ ಬದುಕಿದರು. ಆದರೆ ಆ ವರ್ಷ ಮಳೆಗಾಲ ಮುಗಿಯುವವರೆಗೂ ಒಂದು ಕೊಡ ನೀರು ಎತ್ತಲು ಅವರಿಂದ ಆಗಲಿಲ್ಲ.

ಮಾನ್ಯರೇ, ಆ ಡಾಕ್ಟರ ಮಾತು ನನ್ನ ತಲೆಯಿಂದ ಹೋಗಿಲ್ಲ. ಮಂಗ ಸತ್ತ ಸುದ್ದಿ ಒಂದು ಕಡೆ, ಜ್ವರದ ಸುದ್ದಿ ಇನ್ನೊಂದು ಕಡೆ. ಎರಡೂ ಸೇರಿದ್ದು ಹಾಸಿಗೆ ಹಿಡಿದ ಒಬ್ಬ ಹೆಂಗಸಿನ ಪಕ್ಕದಲ್ಲಿ. ಅದು ಹತ್ತು ದಿನ ಮೊದಲೇ ತಾಲ್ಲೂಕಿನ ಒಂದು ಮೇಜಿನ ಮೇಲೆ ಸೇರಬೇಕಿತ್ತು, ಅಲ್ವಾ?

ಇಂಗ್ಲಿಷಿನಲ್ಲಿ ಈ ಕಾಯಿಲೆಯನ್ನು ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎನ್ನುತ್ತಾರೆ. ಆ ಹೆಸರು ಕೊಟ್ಟಿದ್ದೇ ನಮ್ಮ ಕಾಡು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಊರುಗಳಲ್ಲಿ ಜ್ವರ ಎದ್ದಿತು. ನಮ್ಮ ದೇಶದಲ್ಲಿ ಇಲ್ಲದ ಹಳದಿ ಜ್ವರ ಬಂದುಬಿಟ್ಟಿತೇ ಎಂಬ ಭಯವೂ ಆಗ ಇತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಉಣುಗಿನಿಂದ ಹರಡುವ ಹೊಸ ವೈರಸ್. ಆ ಕಾಲದಲ್ಲಿ ಅವರು ಕೆಲಸ ಮಾಡಿದ ರೀತಿ ನೋಡಿ. ವೈರಸ್ ಬಲ್ಲವರು, ಹುಳ ಬಲ್ಲವರು, ಕಾಡಿನ ಇಲಿ ಹೆಗ್ಗಣ ಬಲ್ಲವರು, ಎಲ್ಲರೂ ಇದೇ ಕಾಡಿನಲ್ಲಿ ಸೇರಿ ಓಡಾಡಿದರು. ರಷ್ಯಾದ ಕಡೆಯ ಒಂದು ವೈರಸ್‌ಗೂ ಇದಕ್ಕೂ ಹತ್ತಿರದ ಸಂಬಂಧ ಕಂಡಿದ್ದರಿಂದ, ವಲಸೆ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಪಕ್ಷಿತಜ್ಞ ಸಲೀಂ ಅಲಿಯವರೂ ಕೈ ಜೋಡಿಸಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ದೊಡ್ಡ ಕೆಲಸವನ್ನೇ ನಡೆಸಿತು. ವೈರಸ್ಸನ್ನು ಹಕ್ಕಿ ತಂದಿತು ಎಂಬುದಕ್ಕೆ ಸಾಕ್ಷಿ ಸಿಗಲಿಲ್ಲ. ಆದರೆ ಜ್ವರದ ಬಗ್ಗೆ ಹಕ್ಕಿ ಬಲ್ಲವರನ್ನು ಕೇಳಬೇಕು ಎಂದು ಅವತ್ತೇ ಅವರಿಗೆ ಹೊಳೆದಿತ್ತು. ಇವತ್ತು ನಮ್ಮ ತಾಲ್ಲೂಕಿನಲ್ಲಿ ದನದ ಡಾಕ್ಟರು, ಜನರ ಡಾಕ್ಟರು, ಫಾರೆಸ್ಟ್ ಗಾರ್ಡು ಮೂವರೂ ಒಂದೇ ಬಸ್‌ ಸ್ಟ್ಯಾಂಡಿನ ಸುತ್ತ ಇದ್ದಾರೆ. ಆದರೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಾಗುವುದು ಪೇಪರ್ ಓದಿ.

ಉಣುಗಿನ ಲೆಕ್ಕಾಚಾರ ಸ್ವಲ್ಪ ಹೇಳುತ್ತೇನೆ. ನಿಮ್ಮ ಅಧಿಕಾರಿಗಳಿಗೆ ಇದು ಗೊತ್ತಿರುವುದೇ. ಆದರೆ ವರ್ಷದ ಕೆಲಸದ ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಮಳೆಗಾಲದಲ್ಲಿ ದೊಡ್ಡ ಉಣುಗು ದನದ ಮೈ ಹತ್ತುತ್ತದೆ. ರಕ್ತ ಕುಡಿದು, ಕೆಳಗೆ ಬಿದ್ದು, ಮೊಟ್ಟೆ ಇಡುತ್ತದೆ. ಮಳೆ ಕಳೆದ ಮೇಲೆ ಮರಿಗಳು ಏಳುತ್ತವೆ. ಇಲಿ, ಹಕ್ಕಿ, ಮಂಗಗಳ ಮೈ ಸೇರುತ್ತವೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಸಾಸಿವೆಕಾಳಿಗಿಂತ ಚಿಕ್ಕದಾದ ಮರಿ ಉಣುಗು ದರಕಿನಲ್ಲಿ ತುಂಬಿರುತ್ತದೆ. ಮನುಷ್ಯರಿಗೆ ಜಾಸ್ತಿ ಕಚ್ಚುವುದು ಇದೇ. ವೈರಸ್ ಇರುವ ಉಣುಗು ಕಚ್ಚಿದರೆ ಮಂಗ ಸಾಯಬಹುದು. ಸತ್ತು ಅದರ ಮೈ ತಣ್ಣಗಾದ ಕೂಡಲೇ ಮೈಮೇಲಿನ ಉಣುಗೆಲ್ಲ ಇಳಿದು ಸುತ್ತಲಿನ ಎಲೆಗಳಲ್ಲಿ ಸೇರಿಕೊಳ್ಳುತ್ತದೆ. ಮಂಗ ಸತ್ತ ಜಾಗ ವಿಷದ ಮಡು ಇದ್ದ ಹಾಗೆ. ಅಲ್ಲಿಗೆ ಮೂರು ದಿನ ಬಿಟ್ಟು ಬರುವುದಕ್ಕೂ ಅದೇ ದಿನ ಬರುವುದಕ್ಕೂ ಎಷ್ಟು ವ್ಯತ್ಯಾಸ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲಿ ಯಾವ ಭಾಗ ಯಾವ ಇಲಾಖೆಯದು ಹೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದನದ ಮೈಮೇಲಿನ ಉಣುಗಿಗೆ ಔಷಧ ಹಾಕುವುದು ಪಶುವೈದ್ಯರ ಕೆಲಸ. ಚಳಿಗಾಲದಲ್ಲಿ ಕಾಡಿನಲ್ಲಿ ಮಂಗ ಸತ್ತರೆ ನೋಡಿಕೊಳ್ಳಬೇಕಾದವರು ಅರಣ್ಯ ಸಿಬ್ಬಂದಿ. ಜ್ವರ ಬಂದ ಮೇಲೆ ನೋಡಿಕೊಳ್ಳುವುದು ಆರೋಗ್ಯ ಇಲಾಖೆ. ಇದು ರಿಲೇ ಓಟ. ಈಗ ಆಗುತ್ತಿರುವುದು ಏನು ಎಂದರೆ, ಕೋಲು ಯಾರೂ ಯಾರಿಗೂ ಕೊಡುತ್ತಿಲ್ಲ. ಕೊನೆಯಲ್ಲಿ ನಿಂತವರು ಮಾತ್ರ ಜನವರಿಯಲ್ಲಿ ಒಬ್ಬರೇ ಓಡುತ್ತಾರೆ, ಬೈಗಳನ್ನೂ ಅವರೇ ತಿನ್ನುತ್ತಾರೆ.

ಅರಣ್ಯ ಸಚಿವರ ಗಮನಕ್ಕೆ ಒಂದು ವಿಷಯ ಬೇರೆಯಾಗಿ ಹೇಳಬೇಕು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕಡೆ ಗೇರು ತೋಟ ಎಬ್ಬಿಸಲು ದಟ್ಟ ಕಾಡು ಕಡಿದ ಮೇಲೆ ಅಲ್ಲಿ ಮಂಗನ ಕಾಯಿಲೆ ಭಾರಿಯಾಗಿ ಹರಡಿತು. ಕಾಡು ಕಡಿಯುವ ತೀರ್ಮಾನ ಮಾಡಿದ ದಿನ ಆ ಕೋಣೆಯಲ್ಲಿ ಒಬ್ಬ ಡಾಕ್ಟರಾದರೂ ಇದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೆ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ, ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ನಮ್ಮದೇ ಆರೋಗ್ಯ ಇಲಾಖೆಯವರು ಸೇರಿ ಶಿವಮೊಗ್ಗ ಸೀಮೆಯಲ್ಲಿ ಮಾಡಿದ್ದು. ದಟ್ಟ ಹಸಿರು ಕಾಡೂ ತೋಟವೂ ಒಂದರೊಳಗೊಂದು ಹೆಣೆದುಕೊಂಡಿರುವ, ನಾಟಿ ದನ ಜಾಸ್ತಿ ಇರುವ ಜಾಗಗಳಲ್ಲಿ ಅಪಾಯ ಜಾಸ್ತಿ ಎಂದು ಅದರಲ್ಲಿ ಕಂಡುಬಂತು. ಅಂದರೆ ನಾವು ವಾಸ ಮಾಡುವ ಜಾಗವೇ. "ಕಾಡಿಗೆ ಹೋಗಬೇಡಿ" ಎಂದು ಕರಪತ್ರ ಹಂಚುತ್ತಾರೆ. ನಮಗೆ ಕಾಡು ಎಲ್ಲಿ ಮುಗಿಯುತ್ತದೆ, ಮನೆ ಎಲ್ಲಿ ಶುರುವಾಗುತ್ತದೆ?

ಆ ಕರಪತ್ರದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಮರಿ ಉಣುಗು ಏಳುವ ತಿಂಗಳುಗಳೇ ಅಡಿಕೆ ಕೊಯ್ಲಿನ ತಿಂಗಳುಗಳು. ಎಲೆ ಉದುರುವುದೂ ಆಗಲೇ, ದರಕು ಗುಡಿಸುವುದೂ ಆಗಲೇ. ಆಗ ತಂದು ಕೂಡಿಟ್ಟುಕೊಳ್ಳದಿದ್ದರೆ ವರ್ಷವಿಡೀ ಕೊಟ್ಟಿಗೆಗೆ ಹಾಸಲು ಇಲ್ಲ. ಹಾಸು ಇಲ್ಲದಿದ್ದರೆ ಗೊಬ್ಬರ ಇಲ್ಲ. ಗೊಬ್ಬರ ಇಲ್ಲದಿದ್ದರೆ ತೋಟ ಇಲ್ಲ. ಈ ಸರಪಳಿ ಗೊತ್ತಿಲ್ಲದವರು ಬರೆದ ಕರಪತ್ರ ಅದು. ದರಕು ತರುವುದು ಹೆಚ್ಚಾಗಿ ಹೆಂಗಸರು, ಕೂಲಿಯವರು. ಅವರನ್ನು ಒಂದು ದಿನ ಕೂರಿಸಿಕೊಂಡು ಕೇಳಿದ್ದರೆ ಬೇರೆ ದಾರಿ ಕಾಣುತ್ತಿತ್ತು. ಯಾವ ಗುಡ್ಡದಲ್ಲಿ ಈ ವರ್ಷ ಬೇಡ, ಯಾವುದರಲ್ಲಿ ಪರವಾಗಿಲ್ಲ ಎಂದು ಹೇಳಬಹುದಿತ್ತು. ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆಯನ್ನು ಎಷ್ಟು ಹೊತ್ತಿಗೊಮ್ಮೆ ಹಚ್ಚಬೇಕು, ಬೆವರಿಗೆ ಅದು ನಿಲ್ಲುತ್ತದಾ ಎಂದು ಅವರೇ ಹೇಳುತ್ತಿದ್ದರು. ದರಕಿನ ಬದಲು ಕೊಟ್ಟಿಗೆಗೆ ಇನ್ನೇನು ಹಾಸಬಹುದು ಎಂದು ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಬಹುದಿತ್ತು. ಜನರ ಬದುಕು ಹೇಗೆ ನಡೆಯುತ್ತದೆ ಎಂದು ತಿಳಿದವರೂ ಈ ವಿಷಯದಲ್ಲಿ ತಜ್ಞರೇ. ವೈರಸ್ ನೋಡುವವರ ಪಕ್ಕದಲ್ಲಿ ಅವರಿಗೂ ಒಂದು ಕುರ್ಚಿ ಇರಬೇಕು.

ಇನ್ನು ಲಸಿಕೆ. 1990ರಿಂದ ನಮ್ಮ ರಾಜ್ಯದಲ್ಲಿ ಲಸಿಕೆ ಕೊಡುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಅದು ತಯಾರಾಗುತ್ತಿದ್ದುದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ. ಮನುಷ್ಯರ ಕಾಯಿಲೆಗೆ ಲಸಿಕೆ ಮಾಡಿಕೊಟ್ಟವರು ಪಶುವೈದ್ಯ ವಿಜ್ಞಾನಿಗಳು. ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ? 2005ರಿಂದ 2010ರವರೆಗಿನ ಲೆಕ್ಕದಲ್ಲಿ ಎರಡು ಡೋಸ್ ತೆಗೆದುಕೊಂಡವರಿಗೆ ಸುಮಾರು 62%, ಬೂಸ್ಟರ್ ಕೂಡ ತೆಗೆದುಕೊಂಡವರಿಗೆ ಸುಮಾರು 83% ರಕ್ಷಣೆ ಸಿಕ್ಕಿತ್ತು. ಆಮೇಲೆ ಅದರ ಶಕ್ತಿ ಸಾಲುತ್ತಿಲ್ಲ ಎಂದು 2022ರಲ್ಲಿ ನಿಲ್ಲಿಸಿದರು. ಪರಿಣಾಮ ಇಲ್ಲದ ಸೂಜಿ ಚುಚ್ಚುವುದಕ್ಕಿಂತ ನಿಲ್ಲಿಸಿದ್ದೇ ಸರಿ. ನನ್ನ ತಕರಾರು ಅದಲ್ಲ. ವರ್ಷಗಟ್ಟಲೆ ಮನೆ ಮನೆಗೆ ಬಂದು "ಹಾಕಿಸಿಕೊಳ್ಳಿ" ಎಂದು ಹೇಳುತ್ತಿದ್ದ ಆಶಾ ಕಾರ್ಯಕರ್ತೆಗೆ, ಯಾಕೆ ನಿಂತಿತು ಎಂದು ಜನರಿಗೆ ಹೇಳಲು ನಾಲ್ಕು ಸಾಲು ಕನ್ನಡದಲ್ಲಿ ಯಾರೂ ಬರೆದುಕೊಡಲಿಲ್ಲ. ಈಗ ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅದು ಬಂದ ದಿನ ಜನ ನಂಬಬೇಕಾದರೆ ಮಾತುಕತೆ ಈಗಲೇ ಶುರುವಾಗಬೇಕು.

ಒಟ್ಟಿಗೆ ಕೆಲಸ ಮಾಡಿದರೆ ಆಗುತ್ತದೆ ಎಂಬುದಕ್ಕೆ ಪಕ್ಕದ ಕೇರಳವೇ ಇದೆ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡ್ ಕಡೆ ಬಾವಲಿಯಿಂದ ಹರಡುವ ನಿಫಾ ವೈರಸ್ ಜ್ವರ ಬಂತು. ಒಂದೇ ಮನೆಯವರು ಒಬ್ಬರ ಹಿಂದೆ ಒಬ್ಬರು ಮಲಗಿದಾಗ ಡಾಕ್ಟರಿಗೆ ಅನುಮಾನ ಬಂತು. ಸ್ಯಾಂಪಲ್ ನಮ್ಮದೇ ಮಣಿಪಾಲದ ಲ್ಯಾಬಿಗೆ ಬಂತು, ಪುಣೆಯಲ್ಲಿ ಖಚಿತವಾಯಿತು. ಪಶುವೈದ್ಯರು ಬಾವಲಿ ಹಿಡಿದು ಪರೀಕ್ಷೆಗೆ ಕಳಿಸಿದರು. ಮೊದಲು ಹಿಡಿದ ಹುಳ ತಿನ್ನುವ ಬಾವಲಿಗಳಲ್ಲಿ ವೈರಸ್ ಇರಲಿಲ್ಲ. ಅಷ್ಟಕ್ಕೇ ಬಿಡದೆ ಹಣ್ಣು ತಿನ್ನುವ ಬಾವಲಿಗಳನ್ನು ನೋಡಿದಾಗ ಸಿಕ್ಕಿತು. 17 ಜನ ತೀರಿಕೊಂಡರು, ಅದು ಸಣ್ಣ ಸಂಖ್ಯೆಯಲ್ಲ. ಆದರೆ ಆ ಸಲ ಹರಡಿದ್ದು ಅಲ್ಲಿಗೇ ನಿಂತಿತು.

ನಮ್ಮ ಕಾಯಿಲೆ ಮಾತ್ರ ನಿಂತಿಲ್ಲ, ನಡೆಯುತ್ತಿದೆ. 2012ರ ಹೊತ್ತಿಗೆ ಬಂಡೀಪುರ, ನೀಲಗಿರಿ. ಆಮೇಲೆ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಎಂಬ ಒಂದು ಪಂಚಾಯಿತಿ ಈ ಕಾಯಿಲೆಯಿಂದ ಅನುಭವಿಸಿದ ಸಾವು ನೋವನ್ನು ನೀವು ಮರೆತಿರಲಾರಿರಿ. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೇ ಎಂದು ಔಷಧ ಇಲ್ಲ. ಬೇಗ ಗುರುತಿಸಿ ಆರೈಕೆ ಮಾಡುವುದೊಂದೇ ದಾರಿ. ಬೇಗ ಗುರುತಿಸಬೇಕಾದರೆ ಮಂಗದ ಸುದ್ದಿ ಮನುಷ್ಯರ ಆಸ್ಪತ್ರೆಗೆ ಅವತ್ತೇ ತಲುಪಬೇಕು.

ಪಶು, ಮನುಷ್ಯ, ಪರಿಸರ ಮೂರನ್ನೂ ಸೇರಿಸಿ ನೋಡುವ "ಒನ್ ಹೆಲ್ತ್" ಯೋಜನೆಯ ಪ್ರಯೋಗ ಕರ್ನಾಟಕಕ್ಕೆಂದು 2022ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಸಂತೋಷ. ಆದರೆ ಆ ಮಾತು ಬೆಂಗಳೂರು ದಾಟಿ ನಮ್ಮ ತಾಲ್ಲೂಕು ಕಚೇರಿಗೆ ಬಂದಿದ್ದು ನಾನಂತೂ ಕಂಡಿಲ್ಲ.

ನಾವು ಕೇಳುವುದು ದೊಡ್ಡ ಕಟ್ಟಡವಲ್ಲ. ಮಂಗನ ಕಾಯಿಲೆ ಇರುವ ಪ್ರತಿ ತಾಲ್ಲೂಕಿಗೆ ಒಂದೇ ಒಂದು ಫೋನ್ ನಂಬರ್ ಕೊಡಿ, ವರ್ಷವಿಡೀ ನಡೆಯುವಂಥದ್ದು. ಆ ಕಡೆ ಫೋನ್ ಎತ್ತುವವರು ಯಾವ ಇಲಾಖೆಯವರಾದರೂ ಸರಿ. ಮಿಕ್ಕ ಇಬ್ಬರಿಗೆ ತಿಳಿಸುವ ಹೊಣೆ ಅವರದು, ನಮ್ಮದಲ್ಲ. ಮಂಗ ಸತ್ತ ಸುದ್ದಿ ಬಂದ 24 ಗಂಟೆಯೊಳಗೆ ಸ್ಯಾಂಪಲ್ ತೆಗೆಯಬೇಕು ಎಂದು ಮೂರೂ ಇಲಾಖೆಯ ಸಹಿ ಇರುವ ಒಂದು ಆದೇಶ ಮಾಡಿ. ಅರಣ್ಯ ಇಲಾಖೆಯ ಒಪ್ಪಿಗೆಯನ್ನು ಸೀಸನ್ ಶುರುವಾಗುವ ಮೊದಲೇ ಬರೆದುಕೊಟ್ಟುಬಿಡಿ. ಪ್ರತಿ ಹೆಣಕ್ಕೂ ಹೊಸ ಒಪ್ಪಿಗೆ ಕೇಳುತ್ತಾ ಕೂತರೆ ಹೆಣ ಕಾಯುವುದಿಲ್ಲ. ಎಲ್ಲಿ ಮಂಗ ಸತ್ತಿದೆ, ಎಲ್ಲಿ ಉಣುಗಿನಲ್ಲಿ ವೈರಸ್ ಸಿಕ್ಕಿದೆ, ಎಲ್ಲಿ ಜ್ವರ ಇದೆ ಎಂಬ ಮೂರೂ ಲೆಕ್ಕ ಒಂದೇ ನಕ್ಷೆಯ ಮೇಲೆ ಬರಲಿ. ವಾರಕ್ಕೊಮ್ಮೆ ಅದನ್ನು ಪಂಚಾಯಿತಿ ಬೋರ್ಡಿಗೆ ಹಚ್ಚಲಿ, ಎಲ್ಲ ಆಸ್ಪತ್ರೆಗಳಿಗೂ ಕಳಿಸಲಿ, ಖಾಸಗಿ ಕ್ಲಿನಿಕ್ಕುಗಳಿಗೂ. ಸಭೆಯನ್ನು ಡಿಸೆಂಬರ್‌ನಲ್ಲಿ ಮಾಡಬೇಡಿ, ಜೂನ್‌ನಲ್ಲಿ ಮಾಡಿ. ದನದ ಕೆಲಸ ಶುರುವಾಗಬೇಕಾದ ಹೊತ್ತು ಅದು. ಆ ಸಭೆಗೆ ಕೀಟಶಾಸ್ತ್ರ ಬಲ್ಲವರು ಬರಲಿ, ಆಶಾ ಕಾರ್ಯಕರ್ತೆಯರು ಬರಲಿ, ದರಕು ಹೊರುವ ಇಬ್ಬರು ಹೆಂಗಸರಾದರೂ ಬರಲಿ. ಅವರ ಒಂದು ದಿನದ ಕೂಲಿ ಕೊಟ್ಟು ಕರೆಸಿ. ಕಾಡಿನಲ್ಲಿ ದೊಡ್ಡ ಕಡಿತ, ನೆಡುತೋಪು, ರಸ್ತೆ ಏನೇ ಮಾಡುವ ಮೊದಲು ಜಿಲ್ಲಾ ಆರೋಗ್ಯಾಧಿಕಾರಿಯ ಅಭಿಪ್ರಾಯವೂ ಫೈಲಿನಲ್ಲಿ ಇರಲಿ.

ಇದೆಲ್ಲ ಮಂಗನ ಕಾಯಿಲೆಗೆ ಮಾತ್ರ ಎಂದು ನಾನು ಅಂದುಕೊಂಡಿಲ್ಲ. ನಾಳೆ ಹೆಸರೇ ಗೊತ್ತಿಲ್ಲದ ಇನ್ನೊಂದು ಜ್ವರ ಬಂದರೂ ಅದೇ ನಂಬರ್, ಅದೇ ನಕ್ಷೆ, ಅದೇ ಮೇಜು ಕೆಲಸಕ್ಕೆ ಬರುತ್ತದೆ. 1957ರಲ್ಲಿ ನಮ್ಮ ಕಾಯಿಲೆಗೂ ಹೆಸರು ಇರಲಿಲ್ಲವಲ್ಲ.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ದಯವಿಟ್ಟು ಮೂರು ಕಚೇರಿಯಿಂದ ಮೂರು ಉತ್ತರ ಬೇಡ. ಒಂದೇ ಹಾಳೆ ಸಾಕು, ಕೆಳಗೆ ಮೂವರ ಸಹಿ ಇರಲಿ. ಮುಂದಿನ ಕೊಯ್ಲು ಶುರುವಾಗುವ ಮೊದಲು ಅದು ನಮ್ಮ ಪಂಚಾಯಿತಿಗೆ ತಲುಪಿದರೆ, ಆಶಾ ಕಾರ್ಯಕರ್ತೆಯ ಕೈಗೆ ನಾನೇ ಕೊಟ್ಟು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಕಾಡಂಚಿನ ಒಬ್ಬ ಅಡಿಕೆ ಬೆಳೆಗಾರ್ತಿ